ಮೇಣ ಕರಗಿದ ಇಪ್ಪತ್ತೆರಡು ನಿಮಿಷ

ಅವರ ಎಡಗೆನ್ನೆ ಬಲಗೆನ್ನೆಗಿಂತ ಸಡಿಲವಾಗಿತ್ತು. ಸುಮ್ಮನೆ ಕುಳಿತಾಗ ಅದು ಗಾಳಿ ಹೋದ ಸೈಕಲ್ ಟ್ಯೂಬಿನಂತೆ ಎರಡು ಮಡಿಕೆಯಾಗಿ ಜೋತಿರುತ್ತಿತ್ತು. ಪುಂಗಿಯನ್ನು ಬಾಯಿಗಿಟ್ಟರೆ ಮಡಿಕೆಗಳು ಬಿಚ್ಚಿಕೊಂಡು, ಒಳಗಿನ ಹಸಿರು ನರ ಕಾಣುವಷ್ಟು ಬಿಗಿಯಾಗಿ ಉಬ್ಬುತ್ತಿತ್ತು. ಕಾನಸೂರಿನ ಬಸ್ ನಿಲ್ದಾಣದ ಎದುರು ಅವರದು ಸೈಕಲ್ ರಿಪೇರಿ ಅಂಗಡಿ. ಊರಿನವರು ಅವರನ್ನು ಕರೆಯುತ್ತಿದ್ದುದು ಪುಂಗಿಮಾವ ಎಂದು.

ಹಾವಾಡಿಗರ ಪುಂಗಿಯಲ್ಲ ಅದು. ಒಣಗಿಸಿದ ಸೋರೆಬುರುಡೆಗೆ ಎರಡು ಬಿದಿರಿನ ಕೊಳವೆ ಸಿಕ್ಕಿಸಿ, ಒಳಗೆ ಬಿದಿರಿನದೇ ತೆಳ್ಳಗಿನ ನಾಲಿಗೆ ಇಟ್ಟು, ಜೇನುಮೇಣದಿಂದ ಬಿಗಿದ ವಾದ್ಯ. ತಾಳಮದ್ದಲೆಯಲ್ಲಿ ಭಾಗವತರ ಹಾಡಿಗೆ ಹಿಂದಿನ ಕಾಲದಲ್ಲಿ ಶ್ರುತಿ ಕೊಡುತ್ತಿದ್ದುದು ಅದೇ. ಆಮೇಲೆ ಹಾರ್ಮೋನಿಯಂ ಬಂತು. ಅದೂ ಹೋಗಿ, ಗುಂಡಿ ಒತ್ತಿದರೆ ತಾನೇ ಗುಂಯ್‌ಗುಡುವ ಕರೆಂಟಿನ ಶ್ರುತಿಪೆಟ್ಟಿಗೆ ಬಂತು. ನಾನು ಕಂಡಾಗ ನಮ್ಮ ಸುತ್ತಿನಲ್ಲಿ ಪುಂಗಿ ಊದುವವರು ಅವರೊಬ್ಬರೇ. ಒಬ್ಬ ಭಾಗವತರು, ಒಬ್ಬ ಮದ್ದಲೆಯವರು, ಒಬ್ಬ ಚಂಡೆಯವರು, ಇವರು: ನಾಲ್ಕೂ ಜನ ಭಾನುವಾರ ಮಧ್ಯಾಹ್ನ ಭಾಗವತರ ಜಗಲಿಯಲ್ಲಿ ಸೇರಿ ಹಳೆಯ ಕ್ರಮದಲ್ಲೇ ನುಡಿಸುತ್ತಿದ್ದರು. ನಾನು ಬರೆದಿಟ್ಟ ಲೆಕ್ಕದ ಪ್ರಕಾರ ಕೇಳಲು ಬಂದವರು ಒಂದು ವಾರವೂ ಒಂಬತ್ತು ಜನ ದಾಟಲಿಲ್ಲ.

ಬಿ.ಕಾಂ. ಮುಗಿಸಿ ಶಿರಸಿಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದ ದಿನಗಳು. ದಿನಾ ನನ್ನ ಸೈಕಲ್ಲನ್ನು ಅವರ ಅಂಗಡಿಯಲ್ಲಿ ಬಿಟ್ಟು ಬಸ್ಸು ಹತ್ತುತ್ತಿದ್ದೆ. ೧೯೯೯ರ ಆಗಸ್ಟ್ ೯, ಸೋಮವಾರ ಬಸ್ಸು ನಲವತ್ತು ನಿಮಿಷ ತಡ. ಪಂಕ್ಚರ್ ನೋಡುವ ನೀರಿನ ಬಾಣಲೆಯ ಮುಂದೆ ಪುಂಗಿಮಾವ ಕುಕ್ಕರುಗಾಲಲ್ಲಿ ಕುಳಿತಿದ್ದರು. ಬಾಯಲ್ಲಿ ಒಂದು ಹಳೇ ವಾಲ್ವ್ ಟ್ಯೂಬು, ಅದರ ತುದಿ ನೀರಿನಲ್ಲಿ. ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದವು. ನಾನು ಗಡಿಯಾರ ನೋಡಿದೆ. ಆರು ನಿಮಿಷವಾದರೂ ಗುಳ್ಳೆ ನಿಲ್ಲಲಿಲ್ಲ.

"ಮಾವ, ಉಸಿರು ತಗಳದು ಯಾವಾಗ?" ಎಂದೆ.

ಅವರು ಟ್ಯೂಬು ತೆಗೆದು ನಕ್ಕರು. "ಗಾಳಿ ಗಲ್ಲದಲ್ಲಿ ಇಟ್ಕಳವು. ಗಲ್ಲ ಊದ್ತಾ ಇಪ್ಪಗ ಮೂಗು ಎಳ್ಕಳ್ತು. ಅತ್ತೆ ಉಣ್ಣಲೆ ಕುಂತಾಗ ಸೊಸೆ ಬಡಿಸ್ತಿಲ್ಯ, ಹಂಗೆ. ಬಟ್ಟಲು ಖಾಲಿ ಆಪಲಾಗ."

ಆ ದಿನ ನಾನೂ ಊದಿ ನೋಡಿದೆ. ಡೈರಿಯಲ್ಲಿದೆ: ಒಂಬತ್ತು ಸೆಕೆಂಡು. ಬಾಣಲೆಯ ನೀರು ಅಂಗಿಯ ಮೇಲೆ.

ಅವರ ಹಿಮ್ಮೇಳಕ್ಕೆ ಒಂದು ಕಟ್ಟಳೆಯಿತ್ತು. ಪುಂಗಿ ಯಾರ ಸ್ವರಕ್ಕೂ ಹೊಂದಿಕೊಳ್ಳುವುದಿಲ್ಲ. ಉಳಿದವರೇ ಪುಂಗಿಗೆ ಹೊಂದಿಕೊಳ್ಳಬೇಕು. ಪ್ರತಿ ಬುರುಡೆಗೂ ಅದರದೇ ಸ್ವರ. ಭಾಗವತರು ಒಮ್ಮೆ, "ನಿನ್ನ ಬುರುಡೆ ಕಪ್ಪು ಮೂರಕ್ಕೆ ಬಪ್ಪಲಾಗ್ತ ನೋಡು," ಎಂದು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಕೇಳಿದ್ದಕ್ಕೆ ಇವರು, "ಕಪ್ಪು ಬಿಳಿ ಎಲ್ಲ ಪೆಟ್ಟಿಗೆಗೆ. ಸೋರೆಕಾಯಿ ಹಸುರಲ್ದ?" ಎಂದಿದ್ದರು.

೨೦೦೦ದ ಜನವರಿಯಲ್ಲಿ ಪತ್ರಿಕೆಯಲ್ಲೊಂದು ಪ್ರಕಟಣೆ ನೋಡಿದೆ. ದೂರದ ಊರಿನ ಕಲಾಸಂಸ್ಥೆಯೊಂದು ಹಳೆಯ ವಾದ್ಯಗಳಲ್ಲಿ ಹಳೆಯ ಸಂಗೀತ ನುಡಿಸುವ ತಂಡಗಳಿಗೆ ಒಂದು ವರ್ಷ ಅನುದಾನ ಕೊಡುತ್ತಿತ್ತು. ಇಬ್ಬರು ಶಿಷ್ಯರಿಗೆ ತಿಂಗಳು ತಿಂಗಳು ವೇತನ. ಪತ್ರಿಕೆ ಓದಿ ಹೇಳಿದಾಗ ಪುಂಗಿಮಾವ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಕಲಿಯುತ್ತೇವೆ ಎಂದ ಹುಡುಗರಿಬ್ಬರು ಊರಲ್ಲಿದ್ದರು. ಆದರೆ ಮನೆಯಲ್ಲಿ ಅವರನ್ನು ಕೆಲಸಕ್ಕೆ ಕಳಿಸುವ ಮಾತು ನಡೆದಿತ್ತು. ವೇತನ ಸಿಕ್ಕರೆ ಒಂದು ವರ್ಷ ನಿಲ್ಲುತ್ತಿದ್ದರು.

"ಒಂದು ವರ್ಷ ಸಾಕು ಕೂಸೆ," ಎಂದರು. "ಈ ಎದೆಯಲ್ಲೂ ಇನ್ನು ಅಷ್ಟೇ ಗಾಳಿ ಇದ್ದು."

ತಮಾಷೆಗೆ ಹೇಳಿದ್ದಲ್ಲ. ಅರ್ಧ ಗಂಟೆ ಊದಿದರೆ ಮೂರು ದಿನ ಎದೆ ಹಿಡಿದುಕೊಂಡು ಓಡಾಡುವುದನ್ನು ನಾನು ಕಂಡಿದ್ದೆ.

ಅರ್ಜಿ ತುಂಬುವ ಕೆಲಸ ನನ್ನದು. ಹದಿನಾಲ್ಕು ಪುಟ, ಮೂವತ್ತೊಂದು ಪ್ರಶ್ನೆ. ಜೊತೆಗೆ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದ ವಿಡಿಯೋ ಕ್ಯಾಸೆಟ್ ಬೇಕು. ಮದುವೆಗಳಲ್ಲಿ ವಿಡಿಯೋ ತೆಗೆಯುವ ಬನವಾಸಿ ಕಡೆಯವನೊಬ್ಬನನ್ನು ಗೊತ್ತು ಮಾಡಿದೆ. ಫೆಬ್ರವರಿ ೨೦, ಭಾನುವಾರ, ಶಾಲೆಯ ಕೋಣೆಯಲ್ಲಿ ನಾಲ್ವರೂ ಕುಳಿತರು. ಎರಡು ದೊಡ್ಡ ಲೈಟು ಹಚ್ಚಿದರೂ ಪುಂಗಿಮಾವನ ಮುಖ ಕತ್ತಲಾಗಿ ಕಾಣುತ್ತಿತ್ತು. ಬುರುಡೆ ಸ್ಪಷ್ಟವಾಗಿ ಕಾಣಬೇಕು, ಅದೇ ಮುಖ್ಯ ಎಂದು ನಾನೇ ಒಂದು ಲೈಟನ್ನು ಅವರಿಂದ ಎರಡೇ ಮೊಳ ದೂರಕ್ಕೆ ಎಳೆದಿಟ್ಟೆ.

ಇಪ್ಪತ್ತೆರಡು ನಿಮಿಷ ಅವರು ಒಂದು ಸಲವೂ ಉಸಿರು ಮುರಿಯಲಿಲ್ಲ. ನಾಲ್ಕೂ ಜನ ಒಂದೇ ಮೈಯಂತಿದ್ದರು. ಆ ದಿನದ ನನ್ನ ಡೈರಿಯಲ್ಲಿ ಇನ್ನೊಂದು ಸಾಲಿದೆ: "ಮದ್ದಲೆಯವರು ಹಾಡಿನ ನಡುವೆ ಅಂಚು ತಟ್ಟಿ ಶ್ರುತಿ ಸರಿಮಾಡಿಕೊಂಡದ್ದು ಮೂರು ಸಲ." ಬರೆದೆ, ಅಷ್ಟೇ. ಯಾಕೆ ಎಂದು ಯೋಚಿಸಲಿಲ್ಲ.

ಕ್ಯಾಸೆಟ್ ಹಿಂದೆ ಸುತ್ತಿ ಟಿ.ವಿ.ಯಲ್ಲಿ ಹಾಕಿದಾಗ ವಿಡಿಯೋದವನು ಮೊದಲ ನಿಮಿಷ ತೋರಿಸಿ, ಓಡಿಸಿ, ಕೊನೆಯ ನಿಮಿಷ ತೋರಿಸಿದ. ತೋರಿಸಿದವನೇ ನಗತೊಡಗಿದ. "ಏನ್ರೀ ಭಾಗವತರ! ಶುರು ಮಾಡಿದ್ದು ಅಟ್ಟದ ಮ್ಯಾಲ, ಮುಗಿಸಿದ್ದು ಅಂಗಳದಾಗ!"

ನಿಜ. ಹಾಡು ಎತ್ತಿದ ಸ್ವರಕ್ಕೂ ಇಳಿಸಿದ ಸ್ವರಕ್ಕೂ ಹಾರ್ಮೋನಿಯಂನ ಒಂದು ಇಡೀ ಮನೆಯ ಅಂತರ. ಲೈಟಿನ ಕಾವಿಗೆ ಪುಂಗಿಯ ಮೇಣ ಮೆತ್ತಗಾಗಿ, ನಾಲಿಗೆ ಜಗ್ಗಿ, ಸ್ವರ ಕೂದಲೆಳೆ ಕೂದಲೆಳೆಯಾಗಿ ಇಳಿದಿತ್ತು. ಬೇರೆ ಯಾರೇ ಆಗಿದ್ದರೂ ನಿಲ್ಲಿಸುತ್ತಿದ್ದರು. ಇವರು ಕಟ್ಟಳೆಯವರು; ಪುಂಗಿಯ ಹಿಂದೆಯೇ ಮೂವರೂ ಮೆಟ್ಟಿಲಿಳಿದಂತೆ ಇಳಿದಿದ್ದರು. ತಮ್ಮೊಳಗೆ ಒಂದಿಷ್ಟೂ ಅಪಸ್ವರವಿಲ್ಲದೆ.

"ನಿಂಗೆ ಗೊತ್ತಾಗಿತ್ತ?" ಎಂದು ಚಂಡೆಯವರು ಭಾಗವತರನ್ನು ಕೇಳಿದರು.

"ಗೊತ್ತಾಜು. ಅಂವ ಇಳುದ, ಆನೂ ಇಳುದೆ. ಮತ್ತೆಂತ, ಅವನ್ನ ಒಬ್ನೇ ಬಿಟ್ಟಿಕ್ಕೆ ಮೇಲೆ ಕೂರ್ತ್ನ?"

ಅರ್ಜಿ ತಲುಪಲು ಉಳಿದದ್ದು ಐದು ದಿನ. ಅಂಚೆಗೇ ಮೂರು ಬೇಕು. ಅಷ್ಟರೊಳಗೆ ಮತ್ತೆ ಊದಲು ಅವರ ಎದೆ ಒಪ್ಪುವಂತಿರಲಿಲ್ಲ. ವಿಡಿಯೋದವನೇ ದಾರಿ ಹೇಳಿದ: "ಅಜ್ಜಾರ, ನೀವು ಬುರುಡಿ ಬಾಯಿಗೆ ಹಿಡಕೊಂಡು ಕೂಡ್ರಿ ಸಾಕು. ಕರೆಂಟಿನ ಪೆಟ್ಟಿಗಿ ನಿಮ್ಮ ಬೆನ್ನ ಹಿಂದ ಇಡೂಣು. ಇದೇ ಕ್ಯಾಸೆಟ್ಟಿನ ಮ್ಯಾಲ ಮತ್ತ ತಗಿಯೂಣು. ಯಾರಪ್ಪಗೂ ತಿಳಿಯೂದಿಲ್ಲ."

ನಾನು ಕೂಡಲೇ ಒಪ್ಪಿದೆ. ಲೈಟು ಎಳೆದವಳು ನಾನು. "ಮಾವ, ಇದೊಂದು ಸಲ. ಕಲಿಯಲೆ ಬಪ್ಪ ಆ ಇಬ್ರು ಮಾಣ್ಯಕ್ಕಳ ಸಲುವಾಗಾದ್ರೂ ಮಾಡಿ," ಎಂದು ಬೇಡಿಕೊಂಡೆ.

ಅವರು ಬುರುಡೆಯ ಮೆತ್ತಗಿನ ಮೇಣವನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. "ಆ ಮಾಣ್ಯಕ್ಕ ನಾಳೆ ಬಂದು, ಮಾವ, ಆ ವಿಡಿಯೋದಲ್ಲಿ ಊದಿದ ಹಂಗೆ ಹೇಳಿಕೊಡು ಅಂದ್ರೆ ಎಂತ ಹೇಳಿಕೊಡಲಿ? ಗುಂಡಿ ಒತ್ತದನ್ನ?" ಎಂದರು. ಬುರುಡೆಯನ್ನು ಪಕ್ಕಕ್ಕಿಟ್ಟು, "ಇಳುದ್ದನ್ನೇ ಕಳ್ಸು. ಎಂತಕ್ಕೆ ಇಳುತ್ತು ಹೇಳಿ ಬರೆ. ನೀನು ಬರೆಯವಳು," ಎಂದರು.

ಸಿಟ್ಟು ಬಂತು. ಅಳುವೂ ಬಂತು. ಆದರೂ ಎರಡು ಪುಟ ಟೈಪ್ ಮಾಡಿದೆ: ಲೈಟಿನ ದೂರ, ಎಷ್ಟನೇ ನಿಮಿಷಕ್ಕೆ ಎಷ್ಟು ಇಳಿಯಿತು, ಮದ್ದಲೆ ತಟ್ಟಿದ ಮೂರು ಸಮಯ, ಲೈಟು ಸರಿಸಿದ್ದು ನಾನು ಎಂಬುದು. ಜೂನ್ ಎರಡನೇ ವಾರ ಉತ್ತರ ಬಂತು, ಕ್ಯಾಸೆಟ್ಟೂ ಮರಳಿ ಬಂತು. ಆಯ್ಕೆಯಾಗಿಲ್ಲ. ಕಾರಣ ಒಂದೇ ಸಾಲು: ಶ್ರುತಿ ಸ್ಥಿರವಾಗಿಲ್ಲ.

ಓದಿ ಹೇಳಿದೆ. ಪುಂಗಿಮಾವ ಒಂದು ಟ್ಯೂಬನ್ನು ಬಾಣಲೆಯಲ್ಲಿ ಅದ್ದಿ ಸುತ್ತ ತಿರುಗಿಸುತ್ತಿದ್ದರು. "ತೂತು ಎಲ್ಲಿದ್ದು ಹೇಳಿ ಸರಿಯಾಗೇ ತೋರ್ಸಿದ್ದ," ಎಂದರು. "ಪಾಪ, ಅವ್ರದ್ದೆಂತ ತಪ್ಪು."

ಹುಡುಗರಲ್ಲೊಬ್ಬ ಹುಬ್ಬಳ್ಳಿಯ ಗ್ಯಾರೇಜಿಗೆ ಹೋದ, ಇನ್ನೊಬ್ಬ ಯಲ್ಲಾಪುರದ ಹೋಟೆಲಿಗೆ. ಇಬ್ಬರೂ ಹೊರಟ ದಿನ ಬಸ್ಸು ಹತ್ತಿದ್ದು ಅವರ ಅಂಗಡಿಯ ಎದುರಿನಲ್ಲೇ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವರು ನಿಂತಿದ್ದರು. ಆಮೇಲೆ ಬಾಣಲೆಗೆ ಹೊಸ ನೀರು ಹೊಯ್ದು, ವಾಲ್ವ್ ಟ್ಯೂಬನ್ನು ತೊಳೆದು, ನನ್ನ ಕೈಗೆ ಕೊಟ್ಟರು.

"ಹೋದ ವರ್ಷ ನಿಂದು ಎಷ್ಟಾಗಿತ್ತು?"

"ಒಂಬತ್ತು ಸೆಕೆಂಡು."

"ಹತ್ತು ಮಾಡು ನೋಡನ."

ಮುಂದಿನ ಮೂರೂವರೆ ವರ್ಷದ ಅಂಕಿಗಳು ನನ್ನ ಡೈರಿಗಳ ಕೊನೆಯ ಪುಟಗಳಲ್ಲಿವೆ. ಹತ್ತು, ಹತ್ತು, ಹದಿಮೂರು. ಒಂದು ತಿಂಗಳು ಹದಿಮೂರೇ. ನಂತರ ಒಂದು ನಿಮಿಷ. ನಿಮಿಷ ದಾಟಿದ ದಿನ ಅವರು ಪುಂಗಿಯನ್ನೇ ಕೊಟ್ಟರು. "ಹೆಣ್ಣು ಮಕ್ಕ ಪುಂಗಿ ಊದದು ಕಂಡಿದ್ವಿಲ್ಲೆ," ಎಂದು ಮದ್ದಲೆಯವರು ಗೊಣಗಿದಾಗ, "ಕಂಡಿದ್ವಿಲ್ಲೆ ಅಂದ್ರೆ ಈಗ ಕಾಣು, ಕಣ್ಣು ಚೊಲೋ ಇದ್ದಲ," ಎಂದರು. ೨೦೦೩ರ ಡಿಸೆಂಬರಿನಲ್ಲಿ ನನ್ನ ಉಸಿರು ಹನ್ನೊಂದು ನಿಮಿಷಕ್ಕೆ ಬಂದಿತ್ತು. ಅವರದು ಎರಡಕ್ಕೆ ಇಳಿದಿತ್ತು. ಮರುವರ್ಷ ಫೆಬ್ರವರಿಯಲ್ಲಿ ಅವರು ಹೋದರು. ಅಂಗಡಿಯ ಹಿಂದಿನ ಬೇಲಿಯಲ್ಲಿ ಬೀಜಕ್ಕೆ ಬಿಟ್ಟ ಸೋರೆಕಾಯಿ ಎರಡು ಒಣಗುತ್ತಿದ್ದವು. ನಾನು ಕೇಳಿ ತಂದುಕೊಂಡೆ.

ಆಮೇಲೆ ಒಬ್ಬ ಸಂಶೋಧಕ ಹುಡುಗ ನನ್ನಲ್ಲಿದ್ದ ಕ್ಯಾಸೆಟ್ಟಿನ ಪ್ರತಿ ಮಾಡಿಕೊಳ್ಳಲು ಬಂದ. ತಾಳಮದ್ದಲೆಯ ಪುಂಗಿಯ ಧ್ವನಿಮುದ್ರಣ ತನಗೆ ಬೇರೆಲ್ಲೂ ಸಿಕ್ಕಿಲ್ಲ ಎಂದ. ಅಂದು ನನ್ನ ಮಾತು ನಡೆದಿದ್ದರೆ ಅವನಿಗೆ ನನ್ನಲ್ಲೂ ಸಿಗುತ್ತಿರಲಿಲ್ಲ. ಬಾಯಿಗೆ ಬುರುಡೆ ಹಿಡಿದ ಒಬ್ಬ ಮುದುಕರ ಚಿತ್ರ, ಹಿಂದಿನಿಂದ ಪೆಟ್ಟಿಗೆಯ ಗುಂಯ್, ಅಷ್ಟೇ ಉಳಿದಿರುತ್ತಿತ್ತು.

ಈಗಲೂ ಭಾನುವಾರ ಮಧ್ಯಾಹ್ನ ಆ ಕ್ಯಾಸೆಟ್ ಹಾಕಿ, ಅವರು ಕೊಟ್ಟ ಅದೇ ಬುರುಡೆಯಲ್ಲಿ ಅವರ ಜೊತೆ ಊದುತ್ತೇನೆ. ಮೊದಮೊದಲು ಏಳೆಂಟು ನಿಮಿಷದಲ್ಲೇ ನನ್ನ ಸ್ವರ ಮೇಲುಳಿದು, ಅವರದು ಕೆಳಗೆ ಸರಿದುಹೋಗುತ್ತಿತ್ತು. ಈಗ ಎರಡು ಮೊಳ ದೂರದಲ್ಲಿ ಒಂದು ಲೈಟು ಹಚ್ಚಿಟ್ಟುಕೊಂಡು ಕೂರುತ್ತೇನೆ. ಮೇಣ ಮೆತ್ತಗಾಗುತ್ತದೆ. ಅವರು ಇಳಿದಂತೆ ನಾನೂ ಇಳಿಯುತ್ತೇನೆ. ಕಳೆದ ವಾರದ ಲೆಕ್ಕ: ಇಪ್ಪತ್ತೆರಡು ನಿಮಿಷ, ಉಸಿರು ಮುರಿದದ್ದು ಒಂದು ಸಲ.