ಸಡಿಲ ಬಿಟ್ಟ ನಟ್ಟು

ಚಳ್ಳಕೆರೆಯಲ್ಲಿ ಪಾವಗಡ ರಸ್ತೆಯ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡು ಮೂವತ್ತು ವರ್ಷದಿಂದ ಗಾಡಿ ರಿಪೇರಿ ಮಾಡುವ ದುರುಗಣ್ಣನ ಕೈಗೆ ಒಂದು ಹೆಸರಿತ್ತು. ಅವನು ಬಿಗಿದ ನಟ್ಟು ತಾನಾಗಿ ಬಿಚ್ಚುವುದಿಲ್ಲ ಎನ್ನುತ್ತಿದ್ದರು. ಅಷ್ಟು ವರ್ಷಗಳಲ್ಲಿ ಅವನು ಬೇಕೆಂದೇ ಸಡಿಲ ಬಿಟ್ಟದ್ದು ಒಂದೇ ಒಂದು ನಟ್ಟನ್ನು. ಅದು ಮಗಳ ಮನೆಯ ಗಾಡಿಯದು.

ತಾಯಿಯಿಲ್ಲದ ಮಗಳು ಶಿಲ್ಪಾಳನ್ನು ರಾಂಪುರದ ಪಾಲಾಕ್ಷನಿಗೆ ಕೊಟ್ಟಿದ್ದ. ಮದುವೆಗೆ ಹೊಸ ಗಾಡಿಯೇ ಬೇಕೆಂದು ಬೀಗರು ಪಟ್ಟು ಹಿಡಿದಿದ್ದರು. ದುರುಗಣ್ಣ ಹಳೆಯ ಬೈಕೊಂದನ್ನು ತಂದು, ಎಂಜಿನ್ ಬಿಚ್ಚಿ ಕಟ್ಟಿ, ಬಣ್ಣ ಹೊಡೆಸಿ, ಹೂವಿನ ಹಾರ ಹಾಕಿ ಚಪ್ಪರದ ಮುಂದೆ ನಿಲ್ಲಿಸಿದ. ಅಳಿಯನ ತಾಯಿ ನಿಂಗಕ್ಕ ಅದನ್ನು ಒಂದು ಸುತ್ತು ಸುತ್ತಿ ನೋಡಿ, "ಮುದಿ ಎಮ್ಮೆ ಕೊಂಬಿಗೆ ಎಣ್ಣೆ ಸವರಿ ಸಂತೆಗೆ ಹೊಡ್ಕಂಡು ಬಂದಂಗೈತೆ" ಅಂದಳು. ನೆರೆದವರು ನಕ್ಕರು.

ಅಂದಿನಿಂದ ಆ ಮನೆಗೆ ಅವನಿಗೆ ಕರೆಯಿಲ್ಲ. ಕರೆಯಿಲ್ಲದೆ ತಾನಾಗಿ ಹೋದರೆ ಮಾತು ಕೇಳಬೇಕಾದವಳು ಮಗಳು. ಅವಳ ಕೈಯಲ್ಲಿ ಫೋನೂ ಇರಲಿಲ್ಲ. ಗಾಡಿ ನಿಂತಾಗ ಮಾತ್ರ ಪಾಲಾಕ್ಷ ಫೋನ್ ಮಾಡುತ್ತಿದ್ದ. "ಮಾವ, ನೀವು ಕೊಟ್ಟ ಗುಜರಿ ಕೂತೈತೆ. ಬಂದು ಎಬ್ಬಿಸ್ರಿ."

ಮೊದಲ ಸಲ ಹೋದಾಗ ಕೆಟ್ಟಿದ್ದು ಚೋಕ್ ಕೇಬಲ್. ಅದರದು ಸೂಕ್ಷ್ಮದ ಕೆಲಸ. ತೀರಾ ಬಿಗಿದರೆ ಚೋಕ್ ಪೂರ್ತಿ ಬಿಡದೆ ಗಾಡಿ ಕಪ್ಪು ಹೊಗೆ ಉಗುಳಿಕೊಂಡು ಪೆಟ್ರೋಲ್ ಕುಡಿಯುತ್ತದೆ. ತೀರಾ ಸಡಿಲಾದರೆ ಎಳೆದರೂ ಎಳೆದಂತಾಗದೆ ಚಳಿಗೆ ಎಂಜಿನ್ ಹತ್ತುವುದಿಲ್ಲ. ಅಕ್ಕಿಕಾಳಿನಷ್ಟು ಸಡಿಲ ಇರಬೇಕು, ಅಷ್ಟೇ. ದುರುಗಣ್ಣ ಕೇಬಲ್ ಬಿಚ್ಚಿ, ಅದರ ಬಾಯಿಗೆ ಕಾಗದದ ಆಲಿಕೆ ಸುತ್ತಿ ಹನಿಹನಿಯಾಗಿ ಎಣ್ಣೆ ಇಳಿಸಿದ. ಆಲಿಕೆ ಹಿಡಿದವಳು ಶಿಲ್ಪಾ, ಚಿಕ್ಕಂದಿನಲ್ಲಿ ಶೆಡ್ಡಿನಲ್ಲಿ ಹಿಡಿಯುತ್ತಿದ್ದ ಹಾಗೆಯೇ. ಎಣ್ಣೆ ಆ ತುದಿಗೆ ಬರುವತನಕ ಅಪ್ಪ ಮಗಳು ಅಂಗಳದಲ್ಲಿ ಕೂತಿದ್ದರು. ಮನೆಯ ಗಂಡಸಿನ ಗಾಡಿಯ ಕೆಲಸವೆಂದು ಯಾರೂ ಅವಳನ್ನು ಒಳಗೆ ಕರೆಯಲಿಲ್ಲ.

ಏಳುವ ಹೊತ್ತಿಗೆ ದುರುಗಣ್ಣ ಕೇಬಲ್ಲಿನ ಅಳತೆ ಕದಲದಂತೆ ಹಿಡಿದಿಡುವ ಲಾಕ್ ನಟ್ಟನ್ನು ಸ್ಪ್ಯಾನರಿನಲ್ಲಿ ಬಿಗಿಯಲಿಲ್ಲ. ಬೆರಳಲ್ಲಿ ತಿರುಗಿಸಿ ಬಿಟ್ಟ. ಹೆದ್ದಾರಿಯ ಕುಲುಕಾಟಕ್ಕೆ ಅದು ಎರಡು ತಿಂಗಳು ತಾಳುತ್ತದೆಂದು ಆ ಬೆರಳಿಗೆ ಗೊತ್ತಿತ್ತು.

ನಾಲ್ಕು ವರ್ಷ ಹೀಗೇ ನಡೆಯಿತು. ಬೈಸಿಕೊಂಡು ಹೋಗುವುದು, ಎಣ್ಣೆ ಬಿಡುವುದು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು, ನಟ್ಟನ್ನು ಬೆರಳಲ್ಲಿ ತಿರುಗಿಸಿ ಬರುವುದು. ಕಸುಬಿಗೆ ಮಾಡುವ ದ್ರೋಹ ಅದು ಎಂದು ಅವನಿಗೆ ತಿಳಿಯದ್ದೇನಲ್ಲ. ಮಂಗಳವಾರ ಶೆಡ್ಡಿನಲ್ಲಿ ಗೌರಸಮುದ್ರದ ಮಾರಮ್ಮನ ಪಟಕ್ಕೆ ಊದುಬತ್ತಿ ಹಚ್ಚಿ, "ತಪ್ಪು ಹೊಟ್ಟೆಗೆ ಹಾಕ್ಕೋ ತಾಯಿ" ಅನ್ನುತ್ತಿದ್ದ. ಮರುತಿಂಗಳು ಮತ್ತೆ ಫೋನಿಗೆ ಕಾಯುತ್ತಿದ್ದ.

ಈ ವರ್ಷ ಸಂಕ್ರಾಂತಿ ಕಳೆದ ಮೇಲಿನ ವಾರ ಫೋನ್ ಬಂತು. ಬಳ್ಳಾರಿ ಬಸ್ಸು ಹತ್ತಿ ರಾಂಪುರದಲ್ಲಿ ಇಳಿದಾಗ ಬಿಸಿಲು ಏರುತ್ತಿತ್ತು. ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತ ಶಿಲ್ಪಾ ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡಿದ್ದಳು. ಚೊಂಬು ಕೊಡುವಾಗ ಸೆರಗು ಜಾರಿತು. ಎಡಗಣ್ಣಿನ ಕೆಳಗೆ ನೇರಳೆಹಣ್ಣಿನ ಬಣ್ಣ.

"ಏನವ್ವ ಇದು?"

ಉತ್ತರ ಕೊಟ್ಟವಳು ಕಟ್ಟೆಯ ಮೇಲೆ ಕಡ್ಲೆಕಾಯಿ ಬಿಡಿಸುತ್ತಿದ್ದ ನಿಂಗಕ್ಕ. "ಅದನ್ನ ನಿಮ್ಮ ಗಾಡೀನೇ ಕೇಳ್ರಿ ಬೀಗ್ರೇ. ಮೊನ್ನೆ ಬೆಳಗಾಮುಂಜಾನೆ ಚಳಿಗೆ ಹತ್ಲಿಲ್ಲ. ಫ್ಯಾಕ್ಟರಿ ಗೇಟು ಆರಕ್ಕೆ ಹಾಕ್ತಾರೆ. ಒದ್ದು ಒದ್ದು ನಮ್ ಪಾಲಾಕ್ಷನ ಕಾಲೇ ಸೋತೋಯ್ತು. ಗುಜರಿ ಕೊಟ್ಟೋರ ಮಗಳು ಎದುರಿಗೇ ನಿಂತಿದ್ಲು. ಒಂದೇಟು ಬಿತ್ತು. ಗಂಡಸ್ರಿಗೆ ಸಿಟ್ಟು ಬರ್ದೆ ಇರ್ತೈತಾ?"

ದುರುಗಣ್ಣ ನೀರು ಕುಡಿಯಲಿಲ್ಲ. ಚೊಂಬನ್ನು ನೆಲಕ್ಕಿಟ್ಟು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಲಾಕ್ ನಟ್ಟು ಅವನು ಲೆಕ್ಕ ಹಾಕಿದ ಜಾಗದಲ್ಲೇ, ಮೂರು ಸುತ್ತು ಬಿಚ್ಚಿಕೊಂಡು ನಿಂತಿತ್ತು.

ಶಿಲ್ಪಾ ಆಲಿಕೆ ಹಿಡಿಯಲು ಬಂದು ಕೂತಳು. ನಿಂಗಕ್ಕ ಮೊರ ಎತ್ತಿಕೊಂಡು ಒಳಗೆ ಹೋಗುವತನಕ ಅವನು ಕಾದ.

"ಬಾ, ಹೋಗಾಣ. ಕೂಸನ್ನ ಎತ್ಕೋ."

"ಕೂಸನ್ನ ಬಿಡಲ್ಲ ಅಪ್ಪ. ಹೋಗೋದಾದ್ರೆ ನೀನೊಬ್ಳೇ ಹೋಗು ಅಂದವ್ರೆ. ಮೊನ್ನೆನೇ ಕೇಳಿದ್ದೆ."

ಎಣ್ಣೆ ಕೇಬಲ್ಲಿನೊಳಗೆ ನಿಧಾನ ಇಳಿಯುತ್ತಿತ್ತು. ಅವಳು ದನಿ ತಗ್ಗಿಸಿದಳು.

"ಈ ಸಲ ಸ್ಪ್ಯಾನರ್ ಹಾಕಿ ಬಿಗಿ."

ದುರುಗಣ್ಣ ತಲೆ ಎತ್ತಲಿಲ್ಲ. "ನಿಂಗೆ ಗೊತ್ತಿತ್ತಾ?"

"ನಿನ್ ಶೆಡ್ಡಲ್ಲಿ ಬೆಳ್ದೋಳು. ಎರಡ್ನೇ ಸಲಕ್ಕೇ ಗೊತ್ತಾತು. ನೀ ಬರ್ತೀಯಲ್ಲ ಅಂತ ನಾನೂ ಸುಮ್ನಿದ್ದೆ."

ಆ ತುದಿಯಲ್ಲಿ ಎಣ್ಣೆ ಹನಿಯಿತು. ದುರುಗಣ್ಣ ಕೇಬಲ್ ಜೋಡಿಸಿದ, ಅಕ್ಕಿಕಾಳಿನಷ್ಟು ಸಡಿಲ ಬಿಟ್ಟ. ಹ್ಯಾಂಡಲ್ಲನ್ನು ಆ ಕಡೆ ಈ ಕಡೆ ಪೂರ್ತಿ ತಿರುಗಿಸಿ, ಕೇಬಲ್ ಎಲ್ಲೂ ಜಗ್ಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡ. ಕೊನೆಗೆ ಸ್ಪ್ಯಾನರ್ ತೆಗೆದುಕೊಂಡು ನಟ್ಟನ್ನು ಬಿಗಿದ. ಇನ್ನು ತಿರುಗದು ಎಂದಾಗಲೂ ಒಮ್ಮೆ ಅದುಮಿದ.

ಶಿಫ್ಟು ಮುಗಿಸಿ ಬಂದ ಪಾಲಾಕ್ಷ ಚೋಕ್ ಎಳೆದು ಒದ್ದ. ಒಂದೇ ಒದೆತಕ್ಕೆ ಗಾಡಿ ಹತ್ತಿತು. "ಇಷ್ಟು ವರ್ಷಕ್ಕೆ ಸರಿಯಾಗಿ ರಿಪೇರಿ ಮಾಡೀರಿ ನೋಡ್ರಿ ಮಾವ. ಇನ್ನ ನಿಮಗೂ ಓಡಾಡೋ ತ್ರಾಸಿಲ್ಲ."

"ಹೆಣ್ಣುಮಗಳ ಮೇಲೆ ಕೈ ಮಾಡಬ್ಯಾಡಪ್ಪ" ಅಂದ ದುರುಗಣ್ಣ. ಎಂಜಿನ್ನಿನ ಸದ್ದಿಗೆ ಪಾಲಾಕ್ಷನಿಗೆ ಕೇಳಿಸಿತೋ ಇಲ್ಲವೋ. ಅವನು ಅಂಗಳದಲ್ಲಿ ಒಂದು ಸುತ್ತು ಹೊಡೆದು ಬೀದಿಗಿಳಿದ.

ಶಿವರಾತ್ರಿ ಕಳೆಯಿತು, ಉಗಾದಿ ಕಳೆಯಿತು. ಶೆಡ್ಡಿನಲ್ಲಿ ದುರುಗಣ್ಣ ಈಗಲೂ ಫೋನನ್ನು ಮಾರಮ್ಮನ ಪಟದ ಕೆಳಗೆ ಇಟ್ಟುಕೊಂಡೇ ಕೆಲಸ ಮಾಡುತ್ತಾನೆ. ಕಣ್ಣಿನ ಕೆಳಗಿನ ಆ ಬಣ್ಣ ಮಾಸಿತೋ, ಹೊಸದು ಬಂತೋ, ಕೇಳಿ ತಿಳಿಯಲು ಅವನಿಗೆ ದಾರಿಯಿಲ್ಲ. ರಾಂಪುರದಿಂದ ಫೋನ್ ಬಂದಿಲ್ಲ. ಗಾಡಿ ಚೆನ್ನಾಗಿ ಓಡುತ್ತಿರಬೇಕು.