ಮಣ್ಣು ಕಚ್ಚಿ ನೋಡುವ ಮೇಡಂ

ನಮ್ಮ ಮೇಡಂ ಮುಂದಿನ ಹಲ್ಲುಗಳ ನಡುವೆ ಚಿಟಿಕೆ ಮಣ್ಣಿಟ್ಟು ಮೆಲ್ಲಗೆ ಅರೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕರಕರ ಅಂದರೆ ಮರಳು, ಬೆಣ್ಣೆಯಂತೆ ಜಾರಿದರೆ ಜೇಡಿ. ಥೂ ಎಂದು ಉಗುಳಿ, ಸೆರಗಿನ ತುದಿಯಲ್ಲಿ ತುಟಿ ಒರೆಸಿಕೊಂಡು ಪಾಠ ಮುಂದುವರಿಸುತ್ತಿದ್ದರು. ಚಳ್ಳಕೆರೆಯ ಕಾಲೇಜಿನಲ್ಲಿ ಅವರು ನಮಗೆ ಭೂವಿಜ್ಞಾನ ಕಲಿಸುತ್ತಿದ್ದರು. ಮೊದಮೊದಲು ನಾವು ಹುಡುಗಿಯರೆಲ್ಲ ಮುಖ ಕಿವುಚಿದೆವು. ವರ್ಷ ಮುಗಿಯುವಷ್ಟರಲ್ಲಿ ನಾವೂ ಥೂ ಎಂದು ಉಗುಳುವವರಾಗಿದ್ದೆವು.

ಅವರ ಕೈಚೀಲದಲ್ಲಿ ಬಾಚಣಿಗೆ, ಪೌಡರು ಇರುತ್ತಿರಲಿಲ್ಲ, ಮಣ್ಣಿನ ಹೆಂಟೆಗಳಿರುತ್ತಿದ್ದವು. ಬಸ್ಸಿನಲ್ಲಿ ಆ ಚೀಲವನ್ನು ಯಾರ ತೊಡೆಯ ಮೇಲಾದರೂ ಇಟ್ಟು ನಿಶ್ಚಿಂತೆಯಿಂದ ನಿಲ್ಲುತ್ತಿದ್ದರು. ಪಾಪ, ಆ ತೊಡೆಯವರ ಗತಿ ದೇವರಿಗೇ ಪ್ರೀತಿ. ಹೋಟೆಲಿನ ನೀರಿನ ಲೋಟಕ್ಕೆ ಹೆಂಟೆ ಹಾಕಿ ಬೈಸಿಕೊಂಡದ್ದೂ ಉಂಟು. "ಒಣಗಿದಾಗ ಎಲ್ಲಾ ಗಟ್ಟೀನೇ ಕಣ್ರೇ. ನೆಂದಾಗ ಹೆಂಗೈತೆ ಅಂತ ನೋಡ್ಬೇಕು," ಎನ್ನುತ್ತಿದ್ದರು. ಮದುವೆ ಗೊತ್ತಾದ ಹುಡುಗಿಯರಿಗೂ ಅದೇ ಮಾತು.

ನಾನು ಮೊಳಕಾಲ್ಮೂರಿನ ನೇಕಾರರ ಮನೆಯವಳು. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಬಾಡಿಗೆ ಮನೆಯಲ್ಲಿದ್ದಾಗ ಒಂದು ಮಳೆಗಾಲ ಗುಂಡಿಯ ಗೋಡೆ ಕುಸಿದು, ಮಗ್ಗ ವಾಲಿ, ಅರ್ಧ ನೇಯ್ದ ರೇಷ್ಮೆ ಸೀರೆ ಕೆಸರುಪಾಲಾಯಿತು. ಸ್ವಂತ ಜಾಗದಲ್ಲಿ ಮಗ್ಗದ ಮನೆ ಕಟ್ಟಲು ಹೊರಟಾಗ ಅಪ್ಪ ಅವ್ವನಿಗೆ ಹೇಳಿಬಿಟ್ಟಿದ್ದ, "ಇದೂ ಕೈಕೊಟ್ರೆ ಮುಗೀತು. ಕುದಾಪುರದ ಕಡೆ ಯಾವ್ದಾದ್ರೂ ಕಂಪ್ನಿ ಗೇಟಲ್ಲಿ ವಾಚ್‌ಮನ್ ಆಗಿ ನಿಂತ್ಕೋತೀನಿ." ಅಪ್ಪನನ್ನು ಮಗ್ಗವಿಲ್ಲದೆ ಊಹಿಸಿಕೊಳ್ಳಲು ನನಗೆ ಆಗಲೇ ಇಲ್ಲ. ಊಟ ಸೇರದಾಯಿತು.

ಅಪ್ಪ ಜಾಗದಲ್ಲೆಲ್ಲ ಗುದ್ದಲಿ ಹಾಕಿ ನೋಡಿ, ಎಲ್ಲಕ್ಕಿಂತ ಗಟ್ಟಿಯಾಗಿದ್ದ ಕಪ್ಪು ನೆಲವನ್ನೇ ಆರಿಸಿ, ಪೂಜೆ ಮಾಡಿ ಗುಂಡಿ ತೋಡಿದ. ನಾನು ಹೋಗಿ ಮೇಡಂಗೆ ಹೇಳಿದೆ. ಭಾನುವಾರ ಅವರು ಬಂದೇಬಿಟ್ಟರು. ಗುಂಡಿಯ ಮಣ್ಣು ಕಚ್ಚಿ ನೋಡಿದರು.

"ಅಣ್ಣಾ, ಇಲ್ಲಿ ಬ್ಯಾಡ್ರಿ. ಆ ಮೂಲ್ಯಾಗೆ ಕೆಂಪು ಗರಸು ಮಣ್ಣು ಐತಲ್ಲ, ಅಲ್ಲಿ ತೋಡ್ರಿ."

"ಮೇಡಮ್ಮೋರೇ, ಆ ಗರಸು ಹಿಸುಕಿದ್ರೆ ಉದುರ್ತೈತೆ. ಇದು ಗುದ್ದಲೀನೇ ವಾಪಸ್ ಕಳಿಸ್ತೈತ್ರಿ," ಎಂದ ಅಪ್ಪ ಅವ್ವನ ಕಡೆ ತಿರುಗಿ ತೆಲುಗಿನಲ್ಲಿ ಗೊಣಗಿದ, "ಈಮೆಕೇಮಿ ತೆಲುಸು?"

ಈಕೆಗೇನು ಗೊತ್ತು ಅಂತ. ಮೇಡಂ ಮನೆಮಾತೂ ತೆಲುಗೇ ಎಂದು ನಾನು ಹೇಳಿರಲಿಲ್ಲ.

"ಮನ್ನು ತೆಲುಸನ್ನಾ," ಎಂದು ಮೇಡಂ ನಕ್ಕರು. ಮಣ್ಣು ಗೊತ್ತು ಅಣ್ಣಾ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪನ ಮುಖ ನೋಡುವ ಹಾಗಿರಲಿಲ್ಲ.

ಅವ್ವನಿಂದ ಎರಡು ಲೋಟ ನೀರು ತರಿಸಿ ಒಂದಕ್ಕೆ ಕಪ್ಪು ಹೆಂಟೆ, ಇನ್ನೊಂದಕ್ಕೆ ಕೆಂಪು ಹೆಂಟೆ ಹಾಕಿದರು. ನಾವು ಕಾಫಿ ಕುಡಿಯುವಷ್ಟರಲ್ಲಿ ಕಪ್ಪಿನದು ಉಬ್ಬಿ, ಬಿರಿದು ಗಂಜಿಯಾಯಿತು. ಕೆಂಪಿನದು ಒಂದಿಷ್ಟು ಮರಳು ಉದುರಿಸಿ ಹಾಗೇ ಕೂತಿತ್ತು.

"ಈ ಕರಿಮಣ್ಣಾಗಿರೋ ಖನಿಜ ಹಾಳೆ ಮ್ಯಾಲೆ ಹಾಳೆ ಇಟ್ಟಂಗೈತೆ. ನಡುವೆ ನೀರು ನುಗ್ಗಿದ್ರೆ ಉಬ್ತೈತೆ, ಜಾರ್ತೈತೆ. ಕೆಂಪಿನಾಗೆ ಬೆಣಚುಕಲ್ಲಿನ ಹರಳು ಜಾಸ್ತಿ, ಕಬ್ಬಿಣದ ತುಕ್ಕು ಅದನ್ನ ಅಂಟಿಸಿ ಹಿಡ್ಕಂಡೈತೆ. ಅದರ ಜೇಡೀನೂ ಬೇರೆ ಥರದ್ದು, ಇಷ್ಟು ನೀರು ಕುಡಿಯಲ್ಲ."

ಅಪ್ಪ ಒಪ್ಪಲಿಲ್ಲ. ಪೂಜೆ ಆದ ಗುಂಡಿ ಎಂದು ಹಟ ಹಿಡಿದ. ಮೇಡಂ ವಾದಕ್ಕೆ ನಿಲ್ಲಲಿಲ್ಲ. "ಮಗ್ಗ ಇಳಿಸೋಕೆ ಮುಂಚೆ ಒಂದ್ಸಲ ಗುಂಡಿಗೆ ನೀರು ಬಿಟ್ಟು ನೋಡ್ರಣ್ಣಾ, ನಿಮ್ಮ ದಮ್ಮಯ್ಯ," ಎಂದು ಬಸ್ ಹತ್ತಿದರು. ಮಾರನೆಯ ದಿನ ಅಪ್ಪ ಯಾರಿಗೂ ಹೇಳದೆ ಕೊಡಗಟ್ಟಲೆ ನೀರು ಸುರಿದ. ಸಂಜೆಗೆ ಒಂದು ಬದಿಯ ಗೋಡೆ ಜಾರಿ ಗುಂಡಿಯೊಳಗೆ ಬಿದ್ದಿತ್ತು. ಅಪ್ಪ ಗುದ್ದಲಿ ಎತ್ತಿಕೊಂಡು ಹೋಗಿ ಕೆಂಪು ಮೂಲೆಯಲ್ಲಿ ಅಗೆಯತೊಡಗಿದ.

ಆ ಮಗ್ಗ ಇವತ್ತಿಗೂ ನಡೆಯುತ್ತಿದೆ. ನನ್ನ ಓದು, ತಂಗಿಯ ಓದು ಎಲ್ಲ ಅದರ ಮೇಲೆಯೇ ಆಯಿತು. ಈ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಹೋದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ಅಪ್ಪನೂ ನಾನೂ ಚಳ್ಳಕೆರೆಗೆ ಮಣ್ಣಿಗೆ ಹೋಗಿದ್ದೆವು. ವಾಪಸ್ ಬರುವಾಗ ಜೋರು ಮಳೆ. ಮನೆಗೆ ಬಂದು ಸ್ನಾನ ಮಾಡಿದ್ದೇ ತಡ, ಅಪ್ಪ ಮಗ್ಗಕ್ಕೆ ಇಳಿದ. ನನಗೆ ಸಿಟ್ಟು ನೆತ್ತಿಗೇರಿತು.

"ಇವತ್ತೊಂದಿನ ನಿಲ್ಲಿಸಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಕೂಗಿದೆ.

ಅಪ್ಪ ತಲೆ ಎತ್ತಲಿಲ್ಲ. "ಮಳೇಲಿ ಮಗ್ಗ ನಿಲ್ಬಾರ್ದು ಅಂತಾನೇ ಅಲ್ವೇನಮ್ಮಾ ಆಯಮ್ಮ ಅಷ್ಟು ದೂರದಿಂದ ಬಂದಿದ್ದು," ಎಂದ. ದನಿ ಒಡೆದಿತ್ತು, ಕೈ ಮಾತ್ರ ನಿಲ್ಲಲಿಲ್ಲ. ನಾನು ಹೋಗಿ ಅವನ ಪಕ್ಕ ಕೂತು ಅತ್ತೆ.