ಮೂವತ್ತಕ್ಕೆ ಬಂದು ಹಿಂದಿರುಗುವ ಕಂಪ್ಯೂಟರ್

ಹಾಲು ಒಡೆದರೆ ಬೇರೆಯವರು ಚೆಲ್ಲುತ್ತಾರೆ. ಉಮಾಮಹೇಶ್ವರಿ ಮೊದಲು ಪಾತ್ರೆಯನ್ನು ಮೂಸಿ ನೋಡುತ್ತಾಳೆ. ಪಾತ್ರೆ ಸರಿಯಾಗಿ ತೊಳೆದಿರಲಿಲ್ಲವೇ, ಹಾಲೇ ಹಳತೇ, ಸೆಕೆ ಹೆಚ್ಚಾಯಿತೇ ಎಂದು ತಿಳಿಯುವವರೆಗೂ ಅವಳಿಗೆ ಸಮಾಧಾನವಿಲ್ಲ. ಕೋಡಿಹಳ್ಳಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ಕಂಡು ಮನೆಯವರು ನಗುತ್ತಿದ್ದರು. ಈಗ ಯಾರೂ ನಗುವುದಿಲ್ಲ, ರೂಢಿಯಾಗಿದೆ.

ಗಂಡ ಉದಯಶಂಕರನದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಉಮಾ ಮದುವೆ ಬ್ಲೌಸುಗಳಿಗೆ ಆರಿ ಕಸೂತಿ ಕೆಲಸ ಮಾಡುತ್ತಾಳೆ. ನವಿಲು, ಬಳ್ಳಿ, ಕಮಲ, ಎಲ್ಲವನ್ನೂ ಮೊದಲು ಕಂಪ್ಯೂಟರಿನಲ್ಲಿ ಬಿಡಿಸಿ, ಅಳತೆಗೆ ಪ್ರಿಂಟ್ ತೆಗೆದು, ಬಟ್ಟೆಯ ಮೇಲೆ ಗುರುತು ಮಾಡಿಕೊಂಡು ಆಮೇಲೆ ಸೂಜಿ ಹಿಡಿಯುವುದು ಅವಳ ಪದ್ಧತಿ. ಆ ಕಂಪ್ಯೂಟರ್ ಹಳೆಯದು. ನಡುಮನೆಯ ಕಿಟಕಿಯ ಪಕ್ಕ, ಮೇಲೊಂದು ಹಳೇ ಟವೆಲ್ ಹೊದ್ದು ಕೂತಿರುತ್ತದೆ.

ಕಳೆದ ಬೇಸಿಗೆಯಲ್ಲಿ ಅದಕ್ಕೆ ಆಪರೇಟಿಂಗ್ ಸಿಸ್ಟಂನ ದೊಡ್ಡದೊಂದು ಅಪ್‌ಡೇಟ್ ಬಂತು. ಡೌನ್‌ಲೋಡ್ ಆಯಿತು, ಕಂಪ್ಯೂಟರ್ ಆಫಾಗಿ ಆನಾಯಿತು, ಪರದೆಯ ಮೇಲೆ ಶೇಕಡಾ ಲೆಕ್ಕ ಏರತೊಡಗಿತು. ಮೂವತ್ತರ ಹತ್ತಿರ ಬಂದು ನಿಂತಿತು. ಬಹಳ ಹೊತ್ತಿನ ಮೇಲೆ, ಮಾಡಿದ ಬದಲಾವಣೆಗಳನ್ನು ಹಿಂದಕ್ಕೆ ತೆಗೆಯುತ್ತಿದ್ದೇನೆ ಎಂಬ ಸಾಲು ಮೂಡಿ, ಎಲ್ಲವೂ ಮೊದಲಿನಂತೆಯೇ ಆಯಿತು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ.

"ಕೆಲಸ ನಡೀತೈತಲ್ಲ, ಸುಮ್ನೆ ಬುಟ್‌ಬುಡು," ಎಂದ ಉದಯಶಂಕರ್.

"ನಡೀತೈತೆ ಕಣ್ರೀ. ಆದ್ರೆ ದಿನಾ ಅಲ್ಲಿಗೇ ಬಂದು ಯಾಕೆ ವಾಪಸ್ ಹೋಯ್ತದೆ? ಅಲ್ಲೇನೈತೆ ಅಂತ?"

ಮೊದಲು ಅವಳ ಅನುಮಾನ ಕರೆಂಟಿನ ಮೇಲೆ ಹೋಯಿತು. ಕರೆಂಟ್ ಹೋಗದ ದಿನ ನೋಡಿ, ಯುಪಿಎಸ್ ಇಟ್ಟುಕೊಂಡೇ ಮಾಡಿದಳು. ಪ್ರಯೋಜನವಾಗಲಿಲ್ಲ. ಜಾಗ ಸಾಲದೇನೋ ಎಂದು ಹಳೆಯ ಮದುವೆ ವಿಡಿಯೋಗಳನ್ನೆಲ್ಲ ಬೇರೆ ಡಿಸ್ಕಿಗೆ ಸಾಗಿಸಿದಳು. ತನ್ನ ಡಿಸೈನುಗಳದ್ದೂ ಒಂದು ಪ್ರತಿ ಅದರಲ್ಲೇ ಭದ್ರ ಮಾಡಿದಳು. ಜಾಗ ಬೇಕಾದಷ್ಟಾಯಿತು. ಕಂಪ್ಯೂಟರ್ ಮಾತ್ರ ಮೂವತ್ತಕ್ಕೆ ಬಂದು ಮತ್ತೆ ಹಿಂದಿರುಗಿತು. ಈ ಸಲ ಪರದೆಯ ಮೇಲಿದ್ದ ಎರರ್ ಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡಳು.

ಸೂಜಿ, ಮಣಿ ತರಲು ಕನಕಪುರಕ್ಕೆ ಹೋದಾಗ ಆ ಫೋಟೋವನ್ನು ಕಂಪ್ಯೂಟರ್ ರಿಪೇರಿ ಅಂಗಡಿಯ ಓವೈಸನಿಗೆ ತೋರಿಸಿದಳು. ಅವನು ಬೇರೊಂದು ಕಂಪ್ಯೂಟರಿನ ಹೊಟ್ಟೆ ಬಗೆಯುತ್ತಿದ್ದವನು ತಲೆಯೆತ್ತಿ ನೋಡಿದ.

"ಫಾರ್ಮ್ಯಾಟ್ ಮಾಡ್‌ಬುಡನ ಅಕ್ಕ. ತಂದು ಬುಟ್‌ಬುಟ್ಟು ಹೋಗಿ, ಸಾಯಂಕಾಲಕ್ಕೆ ರೆಡಿ."

"ಫಾರ್ಮ್ಯಾಟ್ ಮಾಡಿದ್ರೆ ಯಾಕೆ ಹಂಗಾಯ್ತು ಅಂತ ಗೊತ್ತಾಯ್ತದಾ?"

ಓವೈಸ್ ನಕ್ಕ. ನಗುತ್ತಲೇ ಫೋಟೋವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದ. "ಈ ನಂಬರ್ ಬಂದ್ರೆ ಜಾಸ್ತಿ ಡ್ರೈವರ್ ತೊಂದ್ರೆನೇ ಅಕ್ಕ. ಪ್ರಿಂಟರು, ಸ್ಪೀಕರು, ಒಂದೊಂದು ಸಾಮಾನಿಗೂ ಅದನ್ನ ನಡೆಸೋಕೆ ಒಂದೊಂದು ಸಣ್ಣ ಪ್ರೋಗ್ರಾಂ ಇರ್ತದೆ. ಅದ್ರಲ್ಲಿ ಯಾವ್ದೋ ಒಂದು ಹಳೇದಾಗಿ ಹೊಸ ಸಿಸ್ಟಂಗೆ ಹೊಂದ್ತಿಲ್ಲ. ಎಲ್ಲಾ ಕಿತ್ತಾಕಿ ನೋಡಿ. ಆಗ್ಲಿಲ್ವಾ, ಡಿವೈಸ್ ಮ್ಯಾನೇಜರ್ ಅನ್ನೋ ಪಟ್ಟಿ ತೆಗೆದು ಯಾವ್ದಾರಾ ಸಾಮಾನಿನ ಮುಂದೆ ಹಳದಿ ಗುರುತು ಐತಾ ನೋಡಿ."

ಬಸ್ಸಿನಲ್ಲಿ ಬರುವಾಗ ಅವಳಿಗೆ ಒಳಗೊಳಗೇ ಸಂಭ್ರಮ. ಮನೆಗೆ ಬಂದವಳೇ ಪ್ರಿಂಟರು, ಸ್ಪೀಕರು, ಕ್ಯಾಮೆರಾ ಎಲ್ಲ ಕಿತ್ತಿಟ್ಟು, ಕೀಬೋರ್ಡ್ ಮೌಸ್ ಎರಡನ್ನೇ ಉಳಿಸಿ ಅಪ್‌ಡೇಟ್ ಹಾಕಿದಳು. ಮತ್ತೆ ಮೂವತ್ತಕ್ಕೇ ನಿಂತಿತು. ಮಾರನೆಯ ಬೆಳಿಗ್ಗೆ ಡಿವೈಸ್ ಮ್ಯಾನೇಜರ್ ತೆರೆದಳು. ಪಟ್ಟಿಯಲ್ಲಿ ಒಂದರ ಮುಂದೆ ಹಳದಿ ಗುರುತಿತ್ತು. ಹೆಸರು ಅವಳು ಕೇಳಿದ್ದೇ ಅಲ್ಲ. ಹೊರಗಿನ ವಸ್ತುಗಳೆಲ್ಲ ಮೇಜಿನ ಮೇಲಿವೆ. ಹಾಗಾದರೆ ಇದು ಒಳಗಿನದು.

ಜಗುಲಿಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ಮಾವ ಕಾಡಸಿದ್ದಪ್ಪನವರನ್ನು ಕೇಳಿದಳು. ಈ ಕಂಪ್ಯೂಟರ್ ಮನೆಗೆ ಬಂದಾಗಿನಿಂದ ಅದನ್ನು ಬಲ್ಲವರು ಅವರೊಬ್ಬರೇ.

"ಮಾವ, ಇದ್ರೊಳಗೆ ನೀವೇನಾರಾ ಹಾಕ್ಸಿದ್ರಾ?"

ಅವರು ಎದ್ದು ಒಳಗೆ ಬಂದು, ಕನ್ನಡಕ ಏರಿಸಿ ಪರದೆಯ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ಮುಖ ಅರಳಿತು. "ಹಾಕ್ಸಿದ್ದಲ್ಲ ಕಣವ್ವ, ನಾನೇ ಹಾಕಿದ್ದು! ಟಿವಿ ಕಾರ್ಡು. ನಿಮ್ಮತ್ತೆ ಟಿವಿ ಮುಂದೆ ಸೀರಿಯಲ್ ನೋಡ್ತಾ ಕೂತ್ರೆ ನನಗೆ ವಾರ್ತೆ ಸಿಕ್ತಿರ್ಲಿಲ್ಲ. ಕೇಬಲ್ ಎಳ್ಕೊಂಡು ಇದ್ರಲ್ಲೇ ನೋಡ್ತಿದ್ದೆ."

ಕೇಬಲ್ ಹೋಗಿ ಮನೆಗೆ ಡಿಶ್ ಬಂದು ಎಷ್ಟೋ ಕಾಲವಾಗಿತ್ತು. ಕಾರ್ಡನ್ನು ಎಲ್ಲರೂ ಮರೆತಿದ್ದರು. ಅದರ ಹಳೇ ಡ್ರೈವರೇ ಅಪ್‌ಡೇಟನ್ನು ತಡೆಯುತ್ತಿರಬಹುದು ಎಂದು ಉಮಾ ಹೇಳಿದಾಗ ಅವರು ಕನ್ನಡಕ ಕೆಳಗಿಳಿಸಿದರು.

"ಅಂಗಾರೆ ನಾನು ಹಾಕಿದ್ದೇ ಅಡ್ಡ ಆಗೈತೆ ಅನ್ನು."

"ಇರಬೌದು ಅಂತ ಅನ್ಕೊಂಡಿವ್ನಿ ಮಾವ. ತೆಗೆದು ನೋಡಿದ್ರೆ ತಾನೇ ಗೊತ್ತಾಗೋದು."

ಆ ಮಾತು ಅವರಿಗೆ ಹಿಡಿಸಿತು. ತಾವೇ ಎದ್ದು ಹೋಗಿ ಸ್ಕ್ರೂಡ್ರೈವರ್ ತಂದರು. ಉಮಾ ಮೊದಲು ಕಾರ್ಡಿನ ಡ್ರೈವರನ್ನು ಅಳಿಸಿ, ಕಂಪ್ಯೂಟರ್ ಆಫ್ ಮಾಡಿ, ಕರೆಂಟಿನ ವೈರು ಕಿತ್ತಳು. "ಪೂರಾ ಕಿತ್ತಿದ್ದೀಯಾ?" ಎಂದು ಕೇಳಿ, ನಂಬದೆ ವೈರಿನ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಕಾಡಸಿದ್ದಪ್ಪನವರು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದರು. ಒಳಗೆ ಧೂಳು ಹತ್ತಿಯ ಹಾಗೆ ಕೂತಿತ್ತು. ಒಂದು ಮೂಲೆಯಲ್ಲಿ ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು. ಮಾವ ಸೊಸೆ ಇಬ್ಬರೂ ಬಂದ ಕೆಲಸ ಮರೆತು, ಅದು ಯಾವ ಸಂದಿಯಿಂದ ಒಳಹೊಕ್ಕಿರಬಹುದು ಎಂದು ಹುಡುಕಿದರು. ಆಮೇಲೆ ಅವರು ಕಾರ್ಡಿನ ಸ್ಕ್ರೂ ಸಡಿಲಿಸಿ, ಅತ್ತಿತ್ತ ಮೆಲ್ಲಗೆ ಅಲುಗಾಡಿಸಿ ಹೊರಗೆಳೆದರು. ಪಂಚೆಯ ಅಂಚಿನಿಂದ ಅದರ ಧೂಳು ಒರೆಸಿ ಕಿಟಕಿಯ ಕಟ್ಟೆಯ ಮೇಲಿಟ್ಟರು.

ಅಪ್‌ಡೇಟ್ ಮತ್ತೆ ಶುರುವಾಯಿತು. ಉದಯಶಂಕರ್ ಊಟಕ್ಕೆ ಬಂದವನು ತಟ್ಟೆ ಹಿಡಿದುಕೊಂಡೇ ಬಂದು ನಿಂತ. ಇಪ್ಪತ್ತೆಂಟಾಯಿತು. ಮೂವತ್ತಾಯಿತು. ಲೆಕ್ಕ ಅಲ್ಲೇ ನಿಂತಿತು.

"ಮೂವತ್ತೊಂದು!" ಎಂದು ಕೂಗಿದವರು ಕಾಡಸಿದ್ದಪ್ಪನವರು.

ಆಮೇಲೆ ತಡವಾಗಲಿಲ್ಲ. ಚಹಾ ಕುಡಿಯುವ ಹೊತ್ತಿಗೆ ಕಂಪ್ಯೂಟರ್ ಪೂರ್ತಿ ಎದ್ದು ಕೂತಿತು. ಪ್ರಿಂಟರ್ ಜೋಡಿಸಿ ನವಿಲಿನದೊಂದು ಡಿಸೈನ್ ತೆಗೆದು ನೋಡಿದಳು, ಸರಿಯಾಗಿ ಬಂತು. ಓವೈಸನಿಗೆ ಫೋನ್ ಮಾಡಿ ಹೇಳಿದಾಗ ಅವನು, "ಟಿವಿ ಕಾರ್ಡಾ! ಆ ಹೆಸರು ಒಸಿ ಕಳ್ಸಿ ಅಕ್ಕ, ನಮ್ಮಂಗ್ಡಿಗೂ ಇಂಥದ್ದೊಂದು ಬಂದೈತೆ," ಎಂದ.

ಕಾಡಸಿದ್ದಪ್ಪನವರು ಪರದೆಯನ್ನೇ ದಿಟ್ಟಿಸುತ್ತಿದ್ದರು. ಅದೇ ಬಣ್ಣ, ಅದೇ ಚಿತ್ರಗಳು, ಎಲ್ಲ ಇದ್ದಲ್ಲೇ ಇದ್ದವು.

"ಎಲ್ಲಾ ಮೊದಲಿನಂಗೇ ಐತಲ್ಲವ್ವ. ಹೊಸದೇನು ಬಂತು?"

ಉಮಾಗೂ ಗೊತ್ತಿರಲಿಲ್ಲ. ಕುರ್ಚಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಮಾವನಿಗೂ ಜಾಗ ಮಾಡಿದಳು. "ಬನ್ನಿ ಮಾವ, ನೋಡನ," ಎಂದು ಮೌಸ್ ಹಿಡಿದಳು.